ಸಸಿಯಿಂದ ಸಸಿಗೆ ಎರಡು ಅಡಿ

ಶಾಲು ಹೊದಿಸುವಾಗ ಬಾಯಿ ಮುಚ್ಚಿಕೊಂಡು ನಿಲ್ಲಬೇಕು ಎನ್ನುವುದು ಸಭಾಮರ್ಯಾದೆ. ಆ ಮರ್ಯಾದೆಯನ್ನು ಚಾಚೂ ತಪ್ಪದೆ ಪಾಲಿಸಿದ್ದೇ ದೆಹಲಿಯ ಲೋಧಿ ಕಾಲೋನಿಯ ಚಂದ್ರಮೋಹನನಿಗೆ ಮುಳುವಾಯಿತು.

ಅವನು ಕೃಷಿಗೆ ಸಂಬಂಧಿಸಿದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ರೈತರಿಗೆ ಹಂಚುವ ಕರಪತ್ರಗಳನ್ನು ಅಚ್ಚು ಹಾಕಿಸುವುದು ಅವನ ಸೆಕ್ಷನ್ನಿನ ಕೆಲಸ. ಮಣ್ಣಿನ ಜೊತೆ ಅವನಿಗಿದ್ದ ಸಂಬಂಧವೆಂದರೆ ಮನೆಯ ತುಳಸಿ ಕುಂಡವೊಂದೇ, ಅದಕ್ಕೂ ನೀರು ಹಾಕುತ್ತಿದ್ದವಳು ಹೆಂಡತಿ ಸರಳಾ. ಆದರೆ ಪ್ರೂಫು ತಿದ್ದಿ ತಿದ್ದಿ, ಯಾವ ಬೆಳೆಗೆ ಎಷ್ಟು ಅಂತರ ಬಿಡಬೇಕು, ಬಿಡದಿದ್ದರೆ ಬೇರು ಬೇರಿನ ನೀರನ್ನೂ ಎಲೆ ಎಲೆಯ ಬಿಸಿಲನ್ನೂ ಕಸಿದುಕೊಂಡು ಏನು ಗತಿಯಾಗುತ್ತದೆ ಎಂಬುದೆಲ್ಲ ಅವನಿಗೆ ಸಂಧ್ಯಾವಂದನೆಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಆ ವರ್ಷದ ಯುಗಾದಿ ಸಮಾರಂಭಕ್ಕೆ ಕಾಲೋನಿಯ ಕನ್ನಡಿಗರ ಸಂಘದವರು ಸನ್ಮಾನಿತರ ಲೆಕ್ಕ ಹಿಡಿದು ಶಾಲು ತಂದಿದ್ದರು. ಸನ್ಮಾನಿತರಲ್ಲಿ ಒಬ್ಬರು ಕೈಕೊಟ್ಟರು. ಮಡಿಸಿಟ್ಟ ಶಾಲು ಮಡಿಸಿಟ್ಟಂತೆಯೇ ವಾಪಸು ಹೋಗುವುದು ಕಾರ್ಯದರ್ಶಿ ಬಸವರಾಜನಿಗೆ ಸರಿಕಾಣಲಿಲ್ಲ. ಪುಳಿಯೋಗರೆಯ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಚಂದ್ರಮೋಹನನನ್ನು ವೇದಿಕೆಗೆ ಎಳೆದೊಯ್ದು, "ನಮ್ಮ ನಡುವೆ ಎಲೆಮರೆಯ ಕಾಯಿಯಂತಿರುವ ಹಿರಿಯ ಕೃಷಿ ವಿಜ್ಞಾನಿಗಳು" ಎಂದು ಮೈಕಿನಲ್ಲಿ ಘೋಷಿಸಿಬಿಟ್ಟ. ಚಂದ್ರಮೋಹನ ಬಾಯಿ ತೆರೆದ. ಅಷ್ಟರಲ್ಲಿ ಶಾಲು ಬಂತು, ಹಾರ ಬಂತು, ಫೋಟೋದವನು ನಗಲು ಹೇಳಿದ. ತೆರೆದ ಬಾಯಿಯನ್ನು ನಗುವುದಕ್ಕೆ ಬಳಸಿಕೊಂಡ.

"ರೀ, ನೀವು ಯಾವಾಗ ವಿಜ್ಞಾನಿ ಆದ್ರಿ?" ಎಂದು ಆಟೋದಲ್ಲಿ ಸರಳಾ ಕೇಳಿದಳು.

"ಅಷ್ಟು ಜನದ ಮುಂದೆ ಪಾಪ ಅವರ ಮಾತು ಸುಳ್ಳು ಮಾಡೋದು ಚೆನ್ನಾಗಿರತ್ತಾ? ನಾಳೆ ನಿಧಾನವಾಗಿ ಹೇಳಿದ್ರಾಯ್ತು."

ದಾಕ್ಷಿಣ್ಯದ ಮನುಷ್ಯನಿಗೆ ಆ ನಾಳೆ ಬರುವುದಿಲ್ಲ. ಇವನಿಗೂ ಬರಲಿಲ್ಲ.

ಅವನ ಸರ್ಕಾರಿ ಮನೆ ನೆಲಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಒಂದು ವರಾಂಡ. ಒಳಕೋಣೆಯ ಕಿಟಕಿಯ ಕೆಳಗಿನ ಮೇಜು ಮಗಳು ಹಂಸಾಳದು. ಹುಡುಗಿ ಆ ವರ್ಷ ಹನ್ನೆರಡನೆಯ ಕ್ಲಾಸು. ಡಾಕ್ಟರಾಗಬೇಕು ಅನ್ನುವುದನ್ನು ಅವಳು ಗೊಂಬೆಗೆ ಇಂಜೆಕ್ಷನ್ ಚುಚ್ಚುತ್ತಿದ್ದ ಕಾಲದಿಂದ ಹೇಳಿಕೊಂಡು ಬಂದವಳು. ಬರುವ ಬೇಸಿಗೆಯ ಪ್ರವೇಶ ಪರೀಕ್ಷೆಯೇ ಆ ಮನೆಯ ಏಕೈಕ ಭವಿಷ್ಯ. "ಈ ಒಂದು ವರ್ಷ ಆ ಮೇಜಿನ ತಂಟೆಗೆ ಯಾರೂ ಹೋಗಬಾರದು" ಎಂದು ಚಂದ್ರಮೋಹನನೇ ಕಟ್ಟಪ್ಪಣೆ ಮಾಡಿದ್ದ.

ಆ ಕಿಟಕಿಯ ಹೊರಗೆ, ತಂತಿಬೇಲಿಯ ಒಳಗೆ, ಎರಡು ಮಂಚ ಹಿಡಿಸುವಷ್ಟು ನೆಲವಿತ್ತು. ಮಳೆ ಬಿದ್ದ ಮೇಲೆ ಒಂದು ಭಾನುವಾರ ಅಪ್ಪ ಮಗಳು ಸೇರಿ ಅಲ್ಲಿ ಅವರೆ ಬೀಜ ಹಾಕಿದರು. ದೆಹಲಿಯಲ್ಲಿ ಎಲ್ಲವೂ ಸಿಗುತ್ತದೆ, ಸೊಗಡಿನ ಅವರೆಕಾಯಿ ಸಿಗುವುದಿಲ್ಲ. ತರಕಾರಿ ಭಯ್ಯಾನನ್ನು ಕೇಳಿದರೆ ಹಿಂದಿಯಲ್ಲಿ ಸೇಮ್ ಎನ್ನುವ ಚಪ್ಪಟೆ ಕಾಯಿ ತೂಗುತ್ತಾನೆ. ಹಿತಕಿದ ಬೇಳೆಯ ಸಾರಿಗೆ ಅದು ಬರುವುದಿಲ್ಲ. ಹಂಸಾಳಿಗೆ ಆ ಸಾರೆಂದರೆ ಪ್ರಾಣ.

ಚಂದ್ರಮೋಹನ ಅವಳ ಸ್ಕೇಲಿನಿಂದಲೇ ಅಳೆದು ಆರು ಗುಳಿ ತೋಡಿದ.

"ಅಪ್ಪಾ, ಇತನಾ ದೂರ ದೂರ ಯಾಕೆ? ಮಧ್ಯದ ಜಾಗ ವೇಸ್ಟ್ ಆಗತ್ತಲ್ಲ" ಎಂದಳು ಹಂಸಾ.

"ವೇಸ್ಟ್ ಅಲ್ಲ ಕಣಮ್ಮಾ. ಖಾಲಿ ಕಾಣೋ ಜಾಗವೂ ಗಿಡದ್ದೇ. ಸಸಿಯಿಂದ ಸಸಿಗೆ ಎರಡು ಅಡಿ. ಇಕ್ಕಟ್ಟಾದ್ರೆ ಯಾವುದೂ ಉದ್ಧಾರ ಆಗಲ್ಲ."

ಕರಪತ್ರದ ಮಾತೇ ಆದರೂ ಅವನು ಅದನ್ನು ಮನಸ್ಸಿನಿಂದ ಹೇಳಿದ್ದ.

ಆರೂ ಮೊಳೆತವು. ಎರಡೆಲೆ ಬಿಡುವ ಹೊತ್ತಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಿಂದ ಇಂದುಶೇಖರ ಇಳಿದ. ಇವನು ಚಂದ್ರಮೋಹನನ ಅಕ್ಕನ ಗಂಡನ ತಮ್ಮನ ಮಗ. ಐಎಎಸ್ ಕೋಚಿಂಗಿಗೆ ಬಂದವನು.

"ರೂಮು ಸಿಗೋವರೆಗೆ ಅಷ್ಟೇ ಮಾವ. ನನ್ನಿಂದ ನಿಮಗೆ ಒಂಚೂರೂ ತೊಂದ್ರೆ ಆಗಬಾರದು. ಒಂದು ಮೂಲೆ ತೋರ್ಸಿ, ಬಿದ್ಕೊಂಡಿರ್ತೀನಿ."

ಮೂಲೆಯನ್ನು ಅವನೇ ತೋರಿಸಿಕೊಂಡ. ದೇಶದ ಆಡಳಿತ ವಹಿಸಿಕೊಳ್ಳಲಿರುವವನು ಹಾಸಿಗೆಯ ಮೇಲೆ ಕೂತು ಓದಿದರೆ ಬೆನ್ನುನೋವು ಬರುತ್ತದೆ ಎಂದು ಎರಡನೆಯ ವಾರ ಗೊತ್ತಾಯಿತು. ಕಿಟಕಿಯ ಕೆಳಗಿನ ಮೇಜು ಖಾಲಿಯಾಯಿತು. ಹಂಸಾಳ ಪುಸ್ತಕಗಳು ಹೊರಕೋಣೆಯ ಟೀವಿಯ ಪಕ್ಕಕ್ಕೆ ಬಂದವು.

"ಚಿಕ್ಕ ಹುಡುಗಿ, ಎಲ್ಲಿ ಬೇಕಾದ್ರೂ ಓದ್ತಾಳೆ" ಎಂದ ಚಂದ್ರಮೋಹನ.

"ಕಟ್ಟಪ್ಪಣೆ ಮಾಡಿದೋರು ಯಾರು?" ಎಂದಳು ಸರಳಾ.

"ಅಕ್ಕ ಏನಂದ್ಕೊಳ್ತಾಳೆ ಕಣೇ."

ಮುಂದಿನ ತಿಂಗಳು ಅದೇ ರೈಲು ರತ್ನಮ್ಮನನ್ನು ಇಳಿಸಿತು. ಇವರು ದೂರದ ವರಸೆಯಲ್ಲಿ ದೊಡ್ಡಮ್ಮ, ಮಂಡಿಗೆ ದೊಡ್ಡ ಡಾಕ್ಟರ ಹತ್ತಿರ ತೋರಿಸಿಕೊಳ್ಳಲು ಬಂದವರು. ಮಂಡಿಯ ಕಾರಣ ಅವರಿಗೆ ಹೊರಕೋಣೆಯ ದಿವಾನ ಮಂಚವೇ ಬೇಕು, ಧಾರಾವಾಹಿಗಳ ಕಾರಣ ಟೀವಿಯೂ ಬೇಕು. ಹಂಸಾಳ ಪುಸ್ತಕಗಳು ಅಡುಗೆಮನೆಗೆ ಹೋದವು. ಅಲ್ಲಿ ಒಗ್ಗರಣೆ ಹಾರಿ ಕೆಮಿಸ್ಟ್ರಿ ಪುಸ್ತಕದ ಮೇಲೆ ಸಾಸಿವೆ ಸಿಡಿದದ್ದರಿಂದ ವರಾಂಡಕ್ಕೆ ಹೋದವು. ವರಾಂಡದಲ್ಲಿ ಸದ್ಯಕ್ಕೆ ಕೂಲರ್ ಮತ್ತು ಗ್ಯಾಸ್ ಸಿಲಿಂಡರ್ ಬಿಟ್ಟರೆ ಬೇರೆ ನೆಂಟರು ಇರಲಿಲ್ಲ.

ರತ್ನಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಬೀಜ ತೆಗೆದರು. "ಮೋಹನಾ, ಹಾಸನದ ಅವರೆ ಕಣೋ. ನೀನು ವಿಜ್ಞಾನಿ ಅಂತ ಊರಲ್ಲೆಲ್ಲ ಸುದ್ದಿ. ನಿನ್ನ ಗಿಡದ ಮಧ್ಯೆ ಬೇಕಾದಷ್ಟು ಜಾಗ ಖಾಲಿ ಬಿದ್ದಿದೆ, ಹಾಕಿಬಿಡು."

ಖಾಲಿ ಕಾಣುವ ಜಾಗವೂ ಗಿಡದ್ದೇ ಎಂಬ ಮಾತು ಅವನ ಗಂಟಲಿನವರೆಗೆ ಬಂದು, ಹಿರಿಯರ ಮುಖ ನೋಡಿ, ಬಂದ ದಾರಿಯಲ್ಲೇ ವಾಪಸಾಯಿತು. ಹಾಕಿದ.

ಸುದ್ದಿ ಹರಡಿತು. ಮರುದಿನ ಮೇಲಿನ ಮಹಡಿಯ ಅನಂತಮೂರ್ತಿಯವರೇ ಇಳಿದು ಬಂದರು. ಇವರು ಚಂದ್ರಮೋಹನನ ಕಚೇರಿಯಲ್ಲೇ ಅಂಡರ್ ಸೆಕ್ರೆಟರಿ. ಇವನ ಬಡ್ತಿಗೆ ಆಧಾರವಾದ ವಾರ್ಷಿಕ ಗೌಪ್ಯ ವರದಿ ಬರೆಯುವವರು, ಮನೆಯವರನ್ನು ಬಿಟ್ಟರೆ ಇವನು ವಿಜ್ಞಾನಿಯಲ್ಲ ಎಂದು ನಿಖರವಾಗಿ ಬಲ್ಲ ಏಕೈಕ ಕನ್ನಡಿಗರು. ಆದರೂ ಅವರು ಅದನ್ನು ತಿದ್ದಲು ಹೋಗಲಿಲ್ಲ. ಒಂದು ಪೊಟ್ಟಣ ಕೊಟ್ಟು, "ಮಾಗಡಿ ಅವರೆ. ಇದರ ಮುಂದೆ ಬೇರೆ ಯಾವುದೂ ನಿಲ್ಲಲ್ಲ. ಎಲ್ಲಾದರೂ ಎರಡು ಕಾಳು ಅಡ್ಜಸ್ಟ್ ಮಾಡಿ, ವಿಜ್ಞಾನಿಗಳೇ" ಎಂದು ನಕ್ಕರು. ಆ ನಗುವಿಗೆ ಚಂದ್ರಮೋಹನ ಎರಡರ ಬದಲು ಇಡೀ ಪೊಟ್ಟಣವನ್ನು ಅಡ್ಜಸ್ಟ್ ಮಾಡಿದ.

ಬಸವರಾಜ ತುಮಕೂರಿನ ಬೀಜ ತಂದ. ಎದುರು ಬ್ಲಾಕಿನ ಪದ್ಮಾ ಮೇಡಂ ಮೈಸೂರಿನದು ತಂದರು. ಯಾರ ಬೀಜ ಯಾರದೆಂದು ಕಲಸಿಹೋಗಬಾರದಲ್ಲ, ಹುಟ್ಟಿದ ಹುಟ್ಟಿದ ಸಸಿಯ ಬುಡಕ್ಕೆ ಅವರವರು ಬಣ್ಣದ ದಾರ ಕಟ್ಟಿಕೊಂಡು ಹೋದರು. ಪದ್ಮಾ ಮೇಡಂ ದಾರ ಕೆಂಪು, ಬಸವರಾಜನದು ಹಳದಿ, ರತ್ನಮ್ಮನದು ರವಿಕೆಯ ಅಂಚಿನ ಹಸಿರು. ಅನಂತಮೂರ್ತಿಯವರು ಕಚೇರಿಯ ಫೈಲು ಕಟ್ಟುವ ಬಿಳಿ ಲಾಡಿ ಕಳಿಸಿದರು. ಅಪ್ಪ ಮಗಳ ಆರು ಗಿಡಗಳಿಗೆ ಮಾತ್ರ ದಾರವಿರಲಿಲ್ಲ. ಮನೆಯವರ ಗಿಡಕ್ಕೆ ಗುರುತು ಯಾಕೆ?

ನವೆಂಬರ್ ಹೊತ್ತಿಗೆ ಕಿಟಕಿಯ ಹೊರಗೆ ಕಾಡು ಎದ್ದಿತ್ತು. ಎಲೆಯೋ ಎಲೆ. ಅಕ್ಕಪಕ್ಕದಲ್ಲಿ ಬಿಸಿಲು ಸಿಗದೆ ಪ್ರತಿ ಬಳ್ಳಿಯೂ ಇನ್ನೊಂದರ ಹೆಗಲು ಹತ್ತಿ, ಕಿಟಕಿಯ ಸರಳು ಹಿಡಿದು, ಮೇಲಿನ ಬಾಲ್ಕನಿಯ ಕಡೆಗೆ ಧಾವಿಸುತ್ತಿತ್ತು. ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿತ್ತು. ಹೂವಿನ ಸುಳಿವಿಲ್ಲ. ನೋಡಲು ಬಂದವರೆಲ್ಲ "ಏನು ಸೊಂಪು, ಎಷ್ಟಾದರೂ ವಿಜ್ಞಾನಿಗಳ ಕೈಗುಣ" ಎಂದು ಕಾಫಿ ಕುಡಿದು ಹೋದರು.

"ಮಾವ, ಕಿಟಕಿಗೆ ಬೆಳಕೇ ಬರ್ತಿಲ್ಲ. ಇನ್ನೊಂದು ಟ್ಯೂಬ್‌ಲೈಟ್ ಹಾಕಿಸಿದ್ರೆ ಒಳ್ಳೇದಿತ್ತು" ಎಂದು ಒಳಗಿನಿಂದ ಇಂದುಶೇಖರ ಹೇಳಿದ. ಹಾಕಿಸಲಾಯಿತು.

ಆ ವಾರವೇ ಹಂಸಾಳ ಶಾಲೆಯಿಂದ ಕರೆ ಬಂತು. ಕ್ಲಾಸ್ ಟೀಚರ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಅವನ ಮುಂದೆ ಹರಡಿದರು. ಯಾವಾಗಲೂ ಮೊದಲ ಸಾಲಿನಲ್ಲಿರುತ್ತಿದ್ದವಳು ಎಲ್ಲೋ ನಡುವಿಗೆ ಜಾರಿದ್ದಳು.

"ಬಚ್ಚಿ ಕ್ಲಾಸ್ ಮೇ ಸೋ ಜಾತೀ ಹೈ. ಘರ್ ಮೇ ಪಢತೀ ಕಹಾಂ ಹೈ?" ಎಂದು ಟೀಚರ್ ಕೇಳಿದರು. ಹುಡುಗಿ ಕ್ಲಾಸಿನಲ್ಲಿ ನಿದ್ದೆ ಹೋಗುತ್ತಾಳೆ, ಮನೆಯಲ್ಲಿ ಓದುವುದೆಲ್ಲಿ ಎಂದು.

ಸಿಲಿಂಡರ್ ಪಕ್ಕದಲ್ಲಿ ಎನ್ನುವುದು ಚಂದ್ರಮೋಹನನಿಗೆ ಸರಿಕಾಣಲಿಲ್ಲ. "ಮನೇಲಿ ಸ್ವಲ್ಪ ಗೆಸ್ಟ್ ಇದ್ದಾರೆ" ಎಂದು ಹಿಂದಿಯಲ್ಲಿ ತೊದಲಿದ.

"ಸುನಾ ಹೈ ಆಪ್ ಸೈಂಟಿಸ್ಟ್ ಹೈಂ" ಎಂದರು ಟೀಚರ್. ನೀವು ವಿಜ್ಞಾನಿಗಳೆಂದು ಕೇಳಿದ್ದೇನೆ ಎಂದು. ಅವನು ಅಲ್ಲಿಯೂ ಅಲ್ಲವೆನ್ನಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವನಿಗೆ ನಿಜವಾಗಿ ಸಂಕಟವಾಯಿತು. ಸಿಟ್ಟೂ ಬಂತು. ಇವತ್ತು ಇಂದುಶೇಖರನಿಗೆ ಖಡಾಖಂಡಿತ ಹೇಳಿಬಿಡುವುದು ಎಂದು ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡ. ಒಳಕೋಣೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಏನಪ್ಪಾ ಇಂದು, ರೂಮು ಏನಾದ್ರೂ..."

ಇಂದುಶೇಖರ ಪೆನ್ನು ಕೆಳಗಿಟ್ಟ. "ನಾನು ಹೋಗಬೇಕಾ ಮಾವ? ಹೇಳಿಬಿಡಿ. ಈಗಲೇ ಸ್ಟೇಷನ್‌ಗೆ ಹೋಗಿ ಪ್ಲಾಟ್‌ಫಾರ್ಮಲ್ಲಿ ಓದ್ಕೊತೀನಿ. ದೊಡ್ಡಮ್ಮಂಗೆ ಮಾತ್ರ ಫೋನ್ ಮಾಡಿ ಹೇಳ್ಬೇಕು."

ಆ ದೊಡ್ಡಮ್ಮನೆಂದರೆ ಚಂದ್ರಮೋಹನನ ಅಕ್ಕ.

"ಛೆ ಛೆ. ರೂಮು ಬೆಚ್ಚಗಿದೆಯಾ ಅಂತ ಕೇಳಕ್ಕೆ ಬಂದೆ. ಇನ್ನೊಂದು ರಜಾಯಿ ಬೇಕಿತ್ತಾ?"

ದಿವಾನದ ಮೇಲಿಂದ ರತ್ನಮ್ಮ, ಟೀವಿಯಿಂದ ಕಣ್ಣು ಕೀಳದೆ, "ನಿನ್ನದು ಅತಿಯಾಯ್ತು ಮೋಹನಾ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ತಾವಿಲ್ಲ ಅಂತಾರೆ. ಆ ಹುಡುಗಂಗೆ ಹೇಳೋದಲ್ವೇನೋ?" ಎಂದರು. ಹೇಳಿ, ನಾಳೆ ಬಿಸಿನೀರು ಬೇಗ ಬೇಕೆಂದೂ ಸೇರಿಸಿದರು.

ಡಿಸೆಂಬರ್ ಮೊದಲ ಭಾನುವಾರ ಬೀಜದಾರರೆಲ್ಲ ಅಂಗಳದಲ್ಲಿ ಸೇರಿದರು. ಸಂಕ್ರಾಂತಿ ಹತ್ತಿರ ಬರುತ್ತಿದೆ, ಹೂವಿಲ್ಲ, ವಿಜ್ಞಾನ ಏನು ಹೇಳುತ್ತದೆ? ಅನಂತಮೂರ್ತಿಯವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರಿಂದ ಅದು ತಾನಾಗಿ ಸಭೆಯಾಯಿತು.

ಚಂದ್ರಮೋಹನ ಕರಪತ್ರವನ್ನು ಸುಶ್ರಾವ್ಯವಾಗಿ ಒಪ್ಪಿಸಿದ. "ಒತ್ತೊತ್ತಾಗಿ ಬೆಳೆದ ಗಿಡ ಎತ್ತರಕ್ಕೆ ಹೋಗತ್ತೆ, ಕಾಂಡ ಸಣಕಲಾಗತ್ತೆ, ಇರೋ ಶಕ್ತಿಯೆಲ್ಲ ಪಕ್ಕದವರ ಜೊತೆ ಹೊಡೆದಾಡೋದಕ್ಕೇ ಖರ್ಚು. ಅರ್ಧ ಗಿಡ ಕಿತ್ತುಹಾಕಬೇಕು. ಆಗ ಉಳಿದದ್ದು ಬದುಕತ್ತೆ."

ಎಲ್ಲರಿಗೂ ಬಹಳ ಸರಿಯೆನ್ನಿಸಿತು.

"ತಾತ್ವಿಕವಾಗಿ ನನ್ನ ಒಪ್ಪಿಗೆ ಇದೆ" ಎಂದರು ಅನಂತಮೂರ್ತಿ.

"ನನ್ನವೇ ಮೊದಲು ಕೀಳಿ ಸಾರ್, ನಮಗೇನೂ ಬೇಜಾರಿಲ್ಲ" ಎಂದ ಬಸವರಾಜ. "ನಮ್ಮ ತಾಯಿ ಕೈಯಾರೆ ಕೊಟ್ಟ ಬೀಜ, ಕಣ್ಮುಚ್ಚೋ ಹಿಂದಿನ ವರ್ಷ. ಇರಲಿ, ಕೀಳಿ."

ಚಂದ್ರಮೋಹನನ ಕೈ ಹಿಂದೆ ಸರಿಯಿತು.

"ನಮ್ಮದನ್ನೂ ಕೀಳಬಹುದು" ಎಂದರು ಪದ್ಮಾ ಮೇಡಂ. "ಹೂವು ಬಂದ್ರೆ ಚಾಮುಂಡಿಗೆ ಅಂತ ಹರಕೆ ಹೇಳ್ಕೊಂಡಿದೀನಿ. ನಿಮಗೆ ಪರವಾಗಿಲ್ಲಾಂದ್ರೆ ನನಗೂ ಪರವಾಗಿಲ್ಲ."

ರತ್ನಮ್ಮ ತಮ್ಮ ಮಂಡಿಯನ್ನು ನೀವಿಕೊಂಡರು. ಅನಂತಮೂರ್ತಿಯವರ ಬಿಳಿ ಲಾಡಿಯ ಕಡೆಗೆ ಯಾರೂ ನೋಡಲೂ ಇಲ್ಲ. ಮಾರ್ಚಿನಲ್ಲಿ ಗೌಪ್ಯ ವರದಿ ಇತ್ತು.

ಆಮೇಲೆ ಎಲ್ಲರ ಕಣ್ಣೂ ಬುಡದಿಂದ ಬುಡಕ್ಕೆ ಓಡಾಡಿ ದಾರವಿಲ್ಲದ ಆರು ಗಿಡಗಳ ಮೇಲೆ ನಿಂತವು. ಮೊದಲು ನೆಟ್ಟವಾದ್ದರಿಂದ ಅವೇ ದಪ್ಪವಾಗಿದ್ದವು.

"ಇವು ಯಾರದೂ ಅಲ್ವಲ್ಲ?" ಎಂದ ಬಸವರಾಜ.

"ಇಲ್ಲ, ಇಲ್ಲ, ಯಾರದೂ ಅಲ್ಲ" ಎಂದ ಚಂದ್ರಮೋಹನ.

ಹಂಸಾ ಶಾಲು ಹೊದ್ದು, ಕೈಯಲ್ಲಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ವೋ ತೋ ನಮ್ಮದು" ಎಂದಳು. ಅವಳ ಮಾತು ಮೆಲ್ಲಗಿತ್ತು, ಕಾಫಿಯ ಲೋಟಗಳ ಸದ್ದಿನಲ್ಲಿ ಮುಚ್ಚಿಹೋಯಿತು. ಅಪ್ಪನಿಗೆ ಕೇಳಿಸಿತ್ತು. ಅವನು ಬಗ್ಗಿ ಒಂದೊಂದನ್ನೇ ಬೇರುಸಹಿತ ಕಿತ್ತು ಬೇಲಿಯಾಚೆ ಎಸೆದ. ಆರನೆಯದು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಬಸವರಾಜ ಬಂದು ಕೈಜೋಡಿಸಿದ.

ಗಿಡದ ಸಮಸ್ಯೆ ಬಗೆಹರಿದ ಉತ್ಸಾಹದಲ್ಲಿ ಸಭೆ ಮನೆಯ ಸಮಸ್ಯೆಯನ್ನೂ ಕೈಗೆತ್ತಿಕೊಂಡಿತು. ಹುಡುಗಿಯ ಓದು ಕೆಡುತ್ತಿದೆ ಎಂದು ಸರಳಾ ಲೋಟ ಎತ್ತುವಾಗ ಬಾಯಿಬಿಟ್ಟಿದ್ದಳು, ಎಲ್ಲರೂ ಕೇಳಲಿ ಎಂದೇ. ಕೇಳಿದವರು ಕನಿಕರಪಟ್ಟರು.

"ನಿಮ್ಮ ತಂಗಿ ವೈಜಯಂತಿ ಫರೀದಾಬಾದಲ್ಲೇ ಇದ್ದಾರಲ್ಲ ಸರಳಾ?" ಎಂದರು ಪದ್ಮಾ ಮೇಡಂ. "ಯಜಮಾನರು ಟ್ರಾಕ್ಟರ್ ಫ್ಯಾಕ್ಟರೀಲಿ, ಮೂರು ರೂಮಿನ ಮನೆ, ಇರೋದು ಇಬ್ಬರೇ."

"ಒಳ್ಳೆ ಪ್ರಸ್ತಾವ. ಪರೀಕ್ಷೆ ಮುಗಿಯೋವರೆಗೆ ಅಲ್ಲಿ ಇರಲಿ. ಇಲ್ಲಿ ಉಳಿದವರಿಗೂ ಅನುಕೂಲ" ಎಂದರು ಅನಂತಮೂರ್ತಿ.

ಸರಳಾ ಗಂಡನ ಮುಖ ನೋಡಿದಳು. ಹೊರಗೆ ಹೋಗಬೇಕಾದವರು ಯಾರು ಎಂದು ಅವನು ಈಗ ಹೇಳಬಹುದಾಗಿತ್ತು. ಹೇಳುತ್ತಾನೆಂದು ಹಂಸಾಳೂ ಕಾದಳು. ಅವನು ಕೈಗಂಟಿದ್ದ ಮಣ್ಣು ಉಜ್ಜಿಕೊಳ್ಳುತ್ತ, "ಹವಾನೂ ಅಲ್ಲಿ ಚೆನ್ನಾಗಿದೆ" ಎಂದ. ಕಾರ್ಖಾನೆಗಳ ಊರಿನ ಹವೆಯನ್ನು ಹೊಗಳಿದ ಮೊದಲ ಮನುಷ್ಯ ಅವನೇ ಇರಬೇಕು.

ಮಂಗಳವಾರ ಫರೀದಾಬಾದಿನ ಚಿಕ್ಕಪ್ಪನ ಕಾರು ಬಂತು. ಹಂಸಾ ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬಿದಳು. ಮೇಜಿನ ಡ್ರಾಯರಿನಲ್ಲಿದ್ದ ಒಂದಷ್ಟು ಪುಸ್ತಕ ಮಾತ್ರ ಉಳಿದವು, ಇಂದುಶೇಖರ ಆ ಹೊತ್ತಿಗೆ ಬಾಗಿಲು ಹಾಕಿಕೊಂಡು ಮಲಗಿದ್ದ. ಸರಳಾ ಆ ದಿನ ಎಲ್ಲರಿಗೂ ಬಡಿಸಿ, ಹಂಸಾಳ ತಟ್ಟೆಯನ್ನು ತೊಳೆದು ಮೇಲೆ ಎತ್ತಿಟ್ಟಳು. ವರಾಂಡದ ಖಾಲಿಯಾದ ಜಾಗದಲ್ಲಿ ಇಂದುಶೇಖರ ತನ್ನ ಹಳೆಯ ಪತ್ರಿಕೆಗಳನ್ನು ಒಟ್ಟಿದ.

ಕರಪತ್ರ ಸುಳ್ಳಾಗಲಿಲ್ಲ. ಆರು ಗಿಡ ಹೋದ ಜಾಗದಲ್ಲಿ ಗಾಳಿಯಾಡಿ ಉಳಿದವು ಚೇತರಿಸಿಕೊಂಡವು, ಜನವರಿಗೆ ಹೂವೂ ಬಂತು, ಕಾಯಿಯೂ ಬಂತು. ಬಂದದ್ದು ಮಾತ್ರ ಬಿಸಿಲಿದ್ದ ಕಡೆ, ಎಂದರೆ ಅನಂತಮೂರ್ತಿಯವರ ಬಾಲ್ಕನಿಯಲ್ಲಿ. ದಾರಗಳು ಕೆಳಗೆ, ಕಾಯಿ ಮೇಲೆ, ನಡುವೆ ಯಾವ ಬಳ್ಳಿ ಯಾವುದೆಂದು ಬಿಡಿಸಲಾಗದ ಗೋಜಲು. ಹಾಸನ ತುಮಕೂರು ಮೈಸೂರು ಎಲ್ಲವನ್ನೂ ಅನಂತಮೂರ್ತಿಯವರು ನಿಷ್ಪಕ್ಷಪಾತವಾಗಿ ಬುಟ್ಟಿಗೆ ಬಿಡಿಸಿಕೊಂಡರು. ಕೆಳಗೆ ಸಿಪ್ಪೆ ಬಿತ್ತು. ಹಿತಕಿದ ಬೇಳೆಯ ಪರಿಮಳವೂ ಇಳಿದು ಬಂತು. ಸಂಘದ ಸಂಕ್ರಾಂತಿ ಸಭೆಯಲ್ಲಿ, ದೆಹಲಿಯ ನೆಲದಲ್ಲಿ ಅವರೆ ಬೆಳೆದ ವಿಜ್ಞಾನಿಗಳಿಗೆ ಬಸವರಾಜ ಇನ್ನೊಂದು ಶಾಲು ಹೊದಿಸಿದ. ಸರಳಾ ಹೋಗಿರಲಿಲ್ಲ.

ಬೇಸಿಗೆಯಲ್ಲಿ ರತ್ನಮ್ಮ ಬಿಸಿಲಿಗೆ ಬೇಸತ್ತು, ಬಂದ ಮಂಡಿಯನ್ನೇ ತೆಗೆದುಕೊಂಡು ಊರಿಗೆ ಹೊರಟರು. ಜೂನಿನಲ್ಲಿ ಇಂದುಶೇಖರನೂ ಪೆಟ್ಟಿಗೆ ಕಟ್ಟಿದ. ರೋಹಿಣಿ ಬಡಾವಣೆಯಲ್ಲಿ ಸ್ನೇಹಿತನೊಬ್ಬ ಫ್ಲಾಟ್ ಹಿಡಿದಿದ್ದನಂತೆ. "ಬೇಜಾರು ಮಾಡ್ಕೋಬೇಡಿ ಮಾವ. ಇಲ್ಲಿ ಜನ ಜಾಸ್ತಿ, ಓದಕ್ಕೆ ಆಗಲ್ಲ" ಎಂದು ಕಾಲಿಗೆ ನಮಸ್ಕಾರ ಮಾಡಿ ಹೋದ.

ಅದೇ ವಾರ ಹಂಸಾಳ ಫಲಿತಾಂಶ ಬಂತು. ಮೆಡಿಕಲ್ ಸೀಟು ಸಿಕ್ಕಿತ್ತು, ದೆಹಲಿಯಲ್ಲೇ. ಚಂದ್ರಮೋಹನ ಅಂದು ರಜೆ ಹಾಕಿ ಒಳಕೋಣೆಯನ್ನು ತಾನೇ ಗುಡಿಸಿದ. ಕಿಟಕಿಯ ಹೊರಗಿನ ಒಣಬಳ್ಳಿ ಕಿತ್ತು ಬೆಳಕು ಬಿಟ್ಟ. ಮೇಜು ಒರೆಸಿ, ಡ್ರಾಯರಿನಲ್ಲಿದ್ದ ಅವಳ ಪುಸ್ತಕಗಳನ್ನು ತೆಗೆದು ಮೇಲೆ ಜೋಡಿಸಿದ. ಫರೀದಾಬಾದಿಗೆ ಫೋನು ಹಚ್ಚಿದ.

"ಬಂದುಬಿಡಮ್ಮಾ. ಮನೆಯೆಲ್ಲ ಖಾಲಿ. ನಿನ್ನ ಮೇಜು ನಿನ್ನದೇ."

"ಚಿಕ್ಕಮ್ಮ ಇಲ್ಲಿಂದಾನೇ ಕಾಲೇಜಿಗೆ ಹೋಗು ಅಂತಿದಾರೆ ಅಪ್ಪಾ. ಸ್ವಲ್ಪ ದೂರ ಆಗತ್ತೆ, ಲೇಕಿನ್ ಚಲ್ ಜಾಯೇಗಾ, ಹೇಗೋ ನಡೆಯತ್ತೆ."

"ಇಲ್ಲ ಕಣಮ್ಮಾ. ನನ್ನದು ತಪ್ಪಾಯ್ತು. ಇನ್ಮೇಲೆ ಯಾರು ಬಂದ್ರೂ ಬಾಗಿಲಲ್ಲೇ ಹೇಳಿಬಿಡ್ತೀನಿ, ಜಾಗ ಇಲ್ಲ ಅಂತ. ಪ್ರಾಮಿಸ್. ನೀನು ಬಾ."

"ಸಚ್ಚೀ? ನಿಜವಾಗ್ಲೂ?" ಎಂದಳು ಹಂಸಾ. ಅವಳ ದನಿ ಮೆತ್ತಗಾಗಿತ್ತು. "ಸರಿ ಅಪ್ಪಾ, ಭಾನುವಾರ..."

ಕರೆಗಂಟೆ ಸದ್ದು ಮಾಡಿತು. ಚಂದ್ರಮೋಹನ ಫೋನು ಕಿವಿಗಿಟ್ಟುಕೊಂಡೇ ಚಿಲಕ ತೆಗೆದ. ಬಾಗಿಲಲ್ಲಿ ಒಬ್ಬ ತರುಣ, ಪಕ್ಕದಲ್ಲಿ ದೊಡ್ಡ ಸೂಟ್‌ಕೇಸು, ಸುತ್ತಿದ ಹಾಸಿಗೆ. ಗೇಟಿನ ಹೊರಗೆ ಆಟೋ ತಿರುಗಿಕೊಳ್ಳುತ್ತಿತ್ತು.

"ನಮಸ್ಕಾರ ಸಾರ್. ವಿಜ್ಞಾನಿಗಳ ಮನೆ ಇದೇ ಅಲ್ವಾ? ಶ್ರೀವತ್ಸ ಅಂತ, ಬಸವರಾಜ್ ಸಾರ್ ಕಳಿಸಿದ್ರು. ಪಿಎಚ್‌ಡಿಗೆ ಬಂದಿದೀನಿ. ಹಾಸ್ಟೆಲ್ ಸಿಗೋವರೆಗೆ ಅಷ್ಟೇ. ಜಾಗ ಇಲ್ಲಾಂದ್ರೆ ಖಂಡಿತ ಹೇಳಿಬಿಡಿ ಸಾರ್."

"ಅಯ್ಯೋ, ಬನ್ನಿ ಬನ್ನಿ" ಎಂದಿತು ಚಂದ್ರಮೋಹನನ ಬಾಯಿ. "ಜಾಗಕ್ಕೇನು? ಮನೆಯೆಲ್ಲ ಖಾಲಿ."

ಹೇಳಿದ ಮೇಲೆ ಅವನಿಗೆ ಕಿವಿಯಲ್ಲಿದ್ದ ಫೋನಿನ ನೆನಪಾಯಿತು. ಅಡುಗೆಮನೆಯ ಬಾಗಿಲಲ್ಲಿ ಸರಳಾ ನಿಂತಿದ್ದಳು.

"ಹಂಸಾ... ಹಲೋ... ಕೇಳಿಸ್ತಿದೆಯಾ?"

"ಕೇಳಿಸ್ತು ಅಪ್ಪಾ" ಎಂದಳು ಹಂಸಾ. ಸಿಟ್ಟಿನ ದನಿಯಲ್ಲ, ನೆರೆಮನೆಯವರನ್ನು ಮಾತಾಡಿಸುವ ದನಿ. "ಮೇಜಿನ ಮೇಲೆ ನನ್ನ ಪುಸ್ತಕ ಇದ್ರೆ ತೆಗೆದುಬಿಡಿ. ಅವರಿಗೆ ಜಾಗ ಬೇಕಲ್ಲ."

ಅವಳು ಫೋನ್ ಇಟ್ಟಳು. ಶ್ರೀವತ್ಸ ಆಗಲೇ ಸೂಟ್‌ಕೇಸು ಹೊತ್ತು ಒಳಕೋಣೆಯ ಮೇಜಿನ ಹತ್ತಿರ ನಿಂತಿದ್ದ, ಎಲ್ಲಿಡಲಿ ಎಂದು ಕೇಳುವ ಮುಖ ಮಾಡಿಕೊಂಡು. ಚಂದ್ರಮೋಹನ ಹೋಗಿ ಪುಸ್ತಕಗಳನ್ನು ಒಂದೊಂದಾಗಿ ಎತ್ತಿಕೊಂಡ.